ಕೊರಳಿನ ನಳಿಕೆ: ಹಾಕುವವರು ಹೇಗೆ ಕಲಿಯುತ್ತಾರೆ, ನೀವು ಏನನ್ನು ಕೇಳಬೇಕು



ನಿಮ್ಮ ಮನೆಯವರ ಕೊರಳಿಗೆ ನಿನ್ನೆಯೋ ಇಂದೋ ಒಂದು ನಳಿಕೆ ಹಾಕಿದ್ದಾರೆ. ಅಥವಾ ಡಾಕ್ಟರರು "ಸೆಂಟ್ರಲ್ ಲೈನ್ ಹಾಕಬೇಕಾಗಿದೆ, ಇಲ್ಲಿ ಸಹಿ ಮಾಡಿರಿ" ಎಂದು ಕಾಗದ ಮುಂದಿಟ್ಟಿದ್ದಾರೆ. ಗದಗ-ಬೆಟಗೇರಿಯವರಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಂದವರಿರಲಿ, ಆಗ ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಸಿಸ್ಟರ್, ಕೊರಳಿಗೆ ಹಾಕ್ತಾರಂದ್ರ ಕೇಸ್ ಭಾಳ ಸೀರಿಯಸ್ ಐತೇನ್ರೀ?" ಎರಡನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಮುಖದ ಮೇಲೆ ಕಾಣುತ್ತದೆ: "ಇವರಿಗೆ ಇದು ಬರತೈತೋ ಇಲ್ಲೋ? ನಮ್ಮವರ ಮ್ಯಾಲೆ ಕಲಿಯಾಕತ್ತಾರೇನು?"

ಈ ಎರಡನೆಯ ಪ್ರಶ್ನೆ ನ್ಯಾಯವಾದದ್ದು. ನಾನು ಈ ದವಾಖಾನೆಯಲ್ಲಿ ನರ್ಸುಗಳಿಗೂ ಹೊಸದಾಗಿ ಬಂದ ಡಾಕ್ಟರರಿಗೂ ನಳಿಕೆಯ ಆರೈಕೆ ಕಲಿಸುವವಳು. ಆದ್ದರಿಂದ ಉತ್ತರ ಹೇಳಬೇಕಾದವಳೂ ನಾನೇ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಓದಲು ಬಾರದ ಹಿರಿಯರಿದ್ದರೆ ದಯವಿಟ್ಟು ಓದಿ ಹೇಳಿರಿ.

ಇದು ಎಂಥ ನಳಿಕೆ?

ಕೈಗೆ ಹಾಕುವ ಸಲಾಯನ್ ಸೂಜಿ ನಿಮಗೆ ಗೊತ್ತೇ ಇದೆ. ಅದು ಸಣ್ಣ ರಕ್ತನಾಳಕ್ಕೆ, ನಮ್ಮ ಕಡೆಯ ಮಾತಿನಲ್ಲಿ 'ನರ'ಕ್ಕೆ, ಹೋಗುತ್ತದೆ. ಕೈಯ ನರ ಹೊಲದ ಕಾಲುವೆ ಇದ್ದ ಹಾಗೆ, ಕೊರಳಿನ ನರ ತುಂಬಿ ಹರಿಯುವ ಹಳ್ಳ ಇದ್ದ ಹಾಗೆ. ರಕ್ತದೊತ್ತಡ ತೀರ ಕುಸಿದಾಗ ಕೊಡುವ ಕೆಲವು ಔಷಧಗಳು ಬಹಳ ತೀಕ್ಷ್ಣವಾಗಿರುತ್ತವೆ. ಅವು ಕೈಯ ಸಣ್ಣ ನರದಿಂದ ಹೊರಗೆ ಸೋರಿದರೆ ಅಲ್ಲಿಯ ಚರ್ಮ ಕಪ್ಪಾಗಿ ಹುಣ್ಣಾಗಬಹುದು. ಅದೇ ಔಷಧ ಹೃದಯದ ಸಮೀಪದ ದೊಡ್ಡ ನರಕ್ಕೆ ಬಿದ್ದರೆ ಕೂಡಲೇ ಹೆಚ್ಚು ರಕ್ತದಲ್ಲಿ ಬೆರೆತು ತೆಳುವಾಗುತ್ತದೆ. ಅದಕ್ಕಾಗಿ ಕೊರಳಿನಿಂದಲೋ, ಕೊರಳೆಲುಬಿನ ಕೆಳಗಿನಿಂದಲೋ, ತೊಡೆಯ ಸಂದಿನಿಂದಲೋ ಉದ್ದನೆಯ ಮೆತ್ತನೆ ನಳಿಕೆಯನ್ನು ದೊಡ್ಡ ನರದೊಳಕ್ಕೆ ಸಾಗಿಸುತ್ತಾರೆ. ಕೊರಳಿನಿಂದ ಹಾಕಿದ ನಳಿಕೆಯ ತುದಿ ಹೃದಯದ ಬಾಗಿಲ ಹತ್ತಿರ ನಿಲ್ಲುತ್ತದೆ. ಇದೇ ಸೆಂಟ್ರಲ್ ಲೈನ್.

ಕಿಡ್ನಿ ಕೆಲಸ ನಿಲ್ಲಿಸಿದವರಿಗೆ ಹಾಕುವ ಡಯಾಲಿಸಿಸ್ ನಳಿಕೆಯೂ ಇದೇ ಜಾತಿಯದು, ಆದರೆ ದಪ್ಪ. ಅದಕ್ಕೆ ಕೆಂಪು ಮತ್ತು ನೀಲಿ ಎಂದು ಎರಡು ಬಾಯಿ. ಯಂತ್ರವು ನಿಮಿಷಕ್ಕೆ ಸುಮಾರು 200ರಿಂದ 300 ಮಿಲಿ ಲೀಟರ್ ರಕ್ತ ಎಳೆದು, ಸೋಸಿ, ಮರಳಿ ಕಳಿಸುತ್ತದೆ. ಅಂದರೆ ನಿಮಿಷಕ್ಕೆ ಒಂದು ದೊಡ್ಡ ಲೋಟ. ಕೈಯ ಸಣ್ಣ ನರದಿಂದ ಅಷ್ಟು ರಕ್ತ ಬರುವುದಿಲ್ಲ. ಆದ್ದರಿಂದ ಕೊರಳಿನ ನಳಿಕೆ ಎಂದರೆ ಕೊನೆಯ ಗಳಿಗೆ ಎಂದು ತಿಳಿಯಬೇಡಿರಿ. ಡಯಾಲಿಸಿಸ್ ನಳಿಕೆ ಇರುವವರು ಬಸ್ಸು ಹತ್ತಿ ಬಂದು, ನಾಲ್ಕು ತಾಸು ಮಲಗಿ, ಮತ್ತೆ ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ.

2016ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾಯಿತು. ಅದರಲ್ಲಿ ಬಿ.ಪಿ.ಎಲ್. ಕುಟುಂಬದವರಿಗೆ ಉಚಿತ ಸೇವೆ ಇದೆ. ನಮ್ಮ ರಾಜ್ಯದಲ್ಲಿ ಡಯಾಲಿಸಿಸ್ ಯಂತ್ರ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿದೆ. ಮಲ್ಲಸಮುದ್ರದ ಸರ್ಕಾರಿ ವೈದ್ಯಕೀಯ ಕಾಲೇಜು, ನೀವು 'ಜಿಮ್ಸ್' ಎನ್ನುವುದು, 2015ರಲ್ಲಿ ಆರಂಭವಾಯಿತು. ಅದಕ್ಕೆ ಮೊದಲು ಇಂಥ ನಳಿಕೆ ಬೇಕಾದ ಎಷ್ಟೋ ರೋಗಿಗಳನ್ನು ಹುಬ್ಬಳ್ಳಿಯ ಕಿಮ್ಸ್‌ಗೆ ಕಳಿಸುತ್ತಿದ್ದರು. ಈಗ ಯಂತ್ರವೂ ನಳಿಕೆಯೂ ಮನೆಯ ಹತ್ತಿರ ಬಂದಿವೆ. ಸಂತೋಷವೇ. ಆದರೆ ಯಂತ್ರ ಲಾರಿಯಲ್ಲಿ ಬರುತ್ತದೆ, ಕೈಗೆ ಕಸುಬು ಲಾರಿಯಲ್ಲಿ ಬರುವುದಿಲ್ಲ. ಅದನ್ನು ಕಲಿಸಬೇಕು.

ಮೊದಲು ಹಾಕಿಕೊಂಡವರು

ಈ ಕಥೆಯನ್ನು ನನ್ನ ತರಗತಿಯಲ್ಲಿ ಮೊದಲ ದಿನವೇ ಹೇಳುತ್ತೇನೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ 25 ವರ್ಷದ ಡಾಕ್ಟರರಿದ್ದರು. ತೋಳಿನ ನರದಿಂದ ನಳಿಕೆಯನ್ನು ಹೃದಯದವರೆಗೆ ಸಾಗಿಸಬಹುದು ಎಂದು ಅವರ ನಂಬಿಕೆ. ಮೇಲಿನವರು ಒಪ್ಪಲಿಲ್ಲ. ಸಾಮಾನುಗಳ ಬೀಗದ ಕೈ ಗೆರ್ಡಾ ಡಿಟ್ಜೆನ್ ಎಂಬ ನರ್ಸಿನ ಹತ್ತಿರ ಇತ್ತು. ಆ ತಾಯಿ "ಹಾಗಾದರೆ ನನ್ನ ಮೇಲೆ ಮಾಡಿರಿ" ಎಂದರಂತೆ. ಫೋರ್ಸ್‌ಮನ್ ಅವರನ್ನು ಮೇಜಿನ ಮೇಲೆ ಮಲಗಿಸಿ ಕಟ್ಟಿ, ಅವರಿಗೆ ಮಾಡುವಂತೆ ನಟಿಸಿ, ತಮ್ಮ ಕೈಗೇ ಚುಚ್ಚಿಕೊಂಡು ಸುಮಾರು 65 ಸೆಂಟಿಮೀಟರ್ ನಳಿಕೆ ಒಳಗೆ ತಳ್ಳಿದರು. ಆಮೇಲೆ ನಡೆದುಕೊಂಡೇ ಎಕ್ಸ್‌ರೇ ಕೋಣೆಗೆ ಹೋದರು. 1956ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಬಂದಿತು. ಗೆರ್ಡಾ ಅವರಿಗೆ ಏನು ಬಂತು ಎಂದು ನನ್ನ ವಿದ್ಯಾರ್ಥಿನಿಯರು ಕೇಳುತ್ತಾರೆ. ಏನೂ ಬರಲಿಲ್ಲ, ಮುಂದೆ ಓದೋಣ ಎನ್ನುತ್ತೇನೆ.

1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಎಂಬ ಎಕ್ಸ್‌ರೇ ತಜ್ಞರು ಒಂದು ಸುಲಭ ಉಪಾಯ ತೋರಿಸಿದರು. ಇಂದಿಗೂ ಲೋಕದಲ್ಲೆಲ್ಲ ನಡೆಯುವುದು ಅದೇ. ಸೂಜಿ ನರಕ್ಕೆ ಸೇರಿದ ಮೇಲೆ ಅದರೊಳಗಿಂದ ತೆಳುವಾದ ತಂತಿಯನ್ನು ಬಿಡುವುದು. ಸೂಜಿಯನ್ನು ಹೊರಗೆ ತೆಗೆಯುವುದು. ತಂತಿಯ ಮೇಲಿನಿಂದ ನಳಿಕೆಯನ್ನು ಒಳಗೆ ಜಾರಿಸುವುದು. ಕೊನೆಗೆ ತಂತಿಯನ್ನು ಎಳೆದುಕೊಳ್ಳುವುದು. ಓದಲು ನಾಲ್ಕು ವಾಕ್ಯ, ಕೈಗೆ ಬರಲು ತಿಂಗಳುಗಳು ಬೇಕು. ತಂತಿಯನ್ನು ಒಂದು ಕ್ಷಣವೂ ಕೈಬಿಡಬಾರದು, ಬಿಟ್ಟರೆ ಅದು ರಕ್ತದ ಜೊತೆ ಒಳಗೆ ಹೋಗಬಹುದು. ಪಕ್ಕದಲ್ಲೇ ಇರುವ ಶುದ್ಧ ರಕ್ತನಾಳಕ್ಕೆ ಸೂಜಿ ತಾಗಬಾರದು. ಸ್ವಲ್ಪ ಕೆಳಗೇ ಇರುವ ಶ್ವಾಸಕೋಶದ ಮೇಲುತುದಿಗೆ ತಾಗಿದರೆ ಗಾಳಿ ಸೋರಿ ಉಸಿರಾಟಕ್ಕೆ ತೊಂದರೆ. ಇವೆಲ್ಲ ಸಹಿ ಮಾಡುವ ಕಾಗದದಲ್ಲಿ ಬರೆದಿರುತ್ತವೆ. ಹೆದರಿಸಲಿಕ್ಕೆ ಬರೆದದ್ದಲ್ಲ, ಓದಿ ಕೇಳಲಿಕ್ಕೆ ಬರೆದದ್ದು.

ಚೈನಾ ಗ್ರಾಸ್ ಮತ್ತು ರಬ್ಬರ್ ನಳಿಕೆ

ಮೊದಲಿನ ಕಾಲದಲ್ಲಿ ಕಲಿಕೆಯ ಪದ್ಧತಿ ಏನಿತ್ತೆಂದರೆ ಒಂದನ್ನು ನೋಡು, ಒಂದನ್ನು ಮಾಡು, ಮತ್ತೊಬ್ಬರಿಗೆ ಕಲಿಸು. ನೋಡಿದ ಮರುದಿನವೇ ರೋಗಿಯ ಕೊರಳು. ಇದು ಸರಿಯಲ್ಲ ಎಂದು ಈಗ ಎಲ್ಲರೂ ಒಪ್ಪಿದ್ದಾರೆ. 2019ರಲ್ಲಿ ದೇಶದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾದಾಗ ಪ್ರತಿ ವೈದ್ಯಕೀಯ ಕಾಲೇಜಿನಲ್ಲಿ ಸ್ಕಿಲ್ ಲ್ಯಾಬ್, ಅಂದರೆ ಗೊಂಬೆಗಳ ಮೇಲೆ ಕೈ ಪಳಗಿಸುವ ಕೋಣೆ, ಇರಬೇಕೆಂಬ ನಿಯಮ ಬಂದಿತು.

ಅಮೆರಿಕದ ಶಿಕಾಗೋ ನಗರದ ಒಂದು ಆಸ್ಪತ್ರೆಯ ಪರೀಕ್ಷೆ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಕಿರಿಯ ಡಾಕ್ಟರರಿಗೆ ಗೊಂಬೆಯ ಮೇಲೆ ಮಾಡಿ ತೋರಿಸಿ ಪಾಸಾಗುವವರೆಗೆ ರೋಗಿಯನ್ನು ಮುಟ್ಟಲು ಬಿಡಲಿಲ್ಲ. ಆ ಐ.ಸಿ.ಯು.ದಲ್ಲಿ ಮೊದಲು ಸಾವಿರ ನಳಿಕೆ-ದಿನಕ್ಕೆ 3.20 ರಕ್ತದ ಸೋಂಕು ಆಗುತ್ತಿದ್ದವು, ತರಬೇತಿಯ ನಂತರ 0.50ಕ್ಕೆ ಇಳಿದವು. ನಳಿಕೆ-ದಿನ ಎಂದರೆ ಒಬ್ಬ ರೋಗಿಗೆ ಒಂದು ದಿನ ನಳಿಕೆ ಇದ್ದ ಲೆಕ್ಕ, ಹತ್ತು ರೋಗಿಗಳಿಗೆ ಹತ್ತು ದಿನ ಇದ್ದರೆ ನೂರು ನಳಿಕೆ-ದಿನ. ನಮ್ಮ ದೇಶದ ಏಳು ನಗರಗಳ 12 ಐ.ಸಿ.ಯು.ಗಳ ಲೆಕ್ಕ 2007ರಲ್ಲಿ ಪ್ರಕಟವಾಗಿತ್ತು. ಅದರಲ್ಲಿ ಈ ಸಂಖ್ಯೆ 7.92. ದೊಡ್ಡ ನಗರಗಳ ಆಸ್ಪತ್ರೆಗಳೇ ಅವು. ಕಟ್ಟಡ ದೊಡ್ಡದಿದ್ದರೆ ನಳಿಕೆ ಶುದ್ಧವಿರುತ್ತದೆ ಎಂದೇನಿಲ್ಲ.

ಗೊಂಬೆಗಳು ದುಬಾರಿ. ಹೊರದೇಶದ ಪುಸ್ತಕಗಳಲ್ಲಿ ಕೋಳಿಯ ಮಾಂಸದೊಳಗೆ ರಬ್ಬರ್ ನಳಿಕೆ ಇಟ್ಟು ಅಭ್ಯಾಸ ಮಾಡಿರಿ ಎಂದು ಬರೆದಿರುತ್ತಾರೆ. ಮಠದ ದವಾಖಾನೆಯಲ್ಲಿ ಅದು ಆಗದ ಮಾತು! ನಾವು ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಕುದಿಸಿ, ಅದಕ್ಕೆ ಸ್ವಲ್ಪ ಇಸಬಗೋಲ ಬೆರೆಸಿ, ಡಬ್ಬಿಯಲ್ಲಿ ಎರಡು ರಬ್ಬರ್ ನಳಿಕೆ ಹುದುಗಿಸಿ ಗಟ್ಟಿ ಮಾಡುತ್ತೇವೆ. ನಳಿಕೆಯೊಳಗೆ ಕೆಂಪು ಬಣ್ಣದ ನೀರು. ಮೇಲಿನಿಂದ ಸೋನೋಗ್ರಫಿ ಯಂತ್ರ ಹಿಡಿದರೆ ಪರದೆಯ ಮೇಲೆ ಕೊರಳಿನ ನರದಂತೆಯೇ ಎರಡು ಕಪ್ಪು ವೃತ್ತ ಕಾಣುತ್ತವೆ. ಒತ್ತಿದರೆ ಚಪ್ಪಟೆಯಾಗುವ ಮೆತ್ತನೆಯದು ನಮಗೆ ಬೇಕಾದ ನರ, ಒತ್ತಿದರೂ ಗುಂಡಗೇ ಇರುವುದು ಮುಟ್ಟಬಾರದ ಶುದ್ಧ ರಕ್ತನಾಳ. ಸೂಜಿಯ ತುದಿ ಪರದೆಯ ಮೇಲೆ ಕಾಣುತ್ತಿರುವಾಗಲೇ ಮುಂದೆ ಸಾಗಬೇಕು, ಕಾಣದಿದ್ದರೆ ಕೈ ನಿಲ್ಲಬೇಕು. ಇಷ್ಟು ಕಲಿಯಲು ಒಬ್ಬೊಬ್ಬರಿಗೆ ಎಷ್ಟೋ ಡಬ್ಬಿ ಖರ್ಚಾಗುತ್ತವೆ.

ಹಾಗಾದರೆ ನಿಮ್ಮ ಪ್ರಶ್ನೆಗೆ ಉತ್ತರ. ಹೌದು, ಪ್ರತಿಯೊಬ್ಬ ಡಾಕ್ಟರರಿಗೂ ಒಂದು ಮೊದಲನೆಯ ರೋಗಿ ಇರುತ್ತಾರೆ. ಅದನ್ನು ತಪ್ಪಿಸಲು ಯಾರಿಂದಲೂ ಆಗದು. ಆದರೆ ಆ ರೋಗಿ ಅವರ ಮೊದಲನೆಯ ಸೂಜಿ ಆಗಬಾರದು, ಮತ್ತು ಪಕ್ಕದಲ್ಲಿ ಕೈ ಪಳಗಿದ ಹಿರಿಯರು ನಿಂತಿರಬೇಕು. ನೀವು ಸಹಿ ಮಾಡುವ ಮೊದಲು "ಯಾರು ಹಾಕುತ್ತಾರೆ, ಪಕ್ಕದಲ್ಲಿ ಯಾರಿರುತ್ತಾರೆ, ಸೋನೋಗ್ರಫಿ ನೋಡಿ ಹಾಕುತ್ತೀರಾ?" ಎಂದು ಕೇಳಿರಿ. ಕೇಳಿದರೆ ಡಾಕ್ಟರರಿಗೆ ಸಿಟ್ಟು ಬರುತ್ತದೆಂದು ಸುಮ್ಮನಿರಬೇಡಿರಿ. ಇನ್ನೊಂದು ಮಾತು. ಮೂರು ಅಥವಾ ಹೆಚ್ಚು ಸಲ ಚುಚ್ಚಿದಾಗ ಆಗುವ ತೊಂದರೆ, ಒಂದೇ ಸಲಕ್ಕೆ ಸಿಕ್ಕಾಗ ಆಗುವುದಕ್ಕಿಂತ ಆರು ಪಟ್ಟು ಎಂದು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದೆ. ಆದ್ದರಿಂದ ಎರಡು ಸಲ ಸಿಗದಿದ್ದರೆ ಕೈ ಬದಲಾಗಬೇಕು ಎಂಬುದು ನಮ್ಮ ನಿಯಮ. ಇದರಲ್ಲಿ ಅವಮಾನವೇನೂ ಇಲ್ಲ.

ಐದು ಹೆಜ್ಜೆಯ ಚೀಟಿ

2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಪೀಟರ್ ಪ್ರೊನೊವೋಸ್ಟ್ ಎಂಬ ಡಾಕ್ಟರರು ಒಂದು ಹಾಳೆಯ ಮೇಲೆ ಐದು ಹೆಜ್ಜೆ ಬರೆದರು. ಸಾಬೂನಿನಿಂದ ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ಚರ್ಮ ಶುದ್ಧ ಮಾಡುವುದು, ರೋಗಿಯ ಮೈಮೇಲೆ ಪೂರ್ತಿ ಶುದ್ಧ ಬಟ್ಟೆ ಹೊದಿಸಿ ತಾವೂ ಟೊಪ್ಪಿಗೆ, ಮಾಸ್ಕ್, ಗೌನ್, ಕೈಗವಸು ಧರಿಸುವುದು, ಸಾಧ್ಯವಿದ್ದಷ್ಟು ತೊಡೆಯ ಸಂದನ್ನು ಬಿಟ್ಟು ಬೇರೆ ಕಡೆ ಹಾಕುವುದು, ಮತ್ತು ಬೇಡವಾದ ದಿನವೇ ನಳಿಕೆ ತೆಗೆಯುವುದು. ಇದರಲ್ಲಿ ಹೊಸದೇನೂ ಇರಲಿಲ್ಲ, ಎಲ್ಲ ಡಾಕ್ಟರರಿಗೂ ಗೊತ್ತಿದ್ದದ್ದೇ. ಆದರೂ ಮೊದಲ ತಿಂಗಳು ನರ್ಸುಗಳು ಸುಮ್ಮನೆ ನೋಡಿ ಬರೆದುಕೊಂಡಾಗ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ರೋಗಿಗಳಲ್ಲಿ ಕನಿಷ್ಠ ಒಂದು ಹೆಜ್ಜೆ ತಪ್ಪಿಹೋಗಿತ್ತು. ಆಗ ಅವರು ಮಾಡಿದ ದೊಡ್ಡ ಕೆಲಸ ಚೀಟಿಯಲ್ಲ. ಹೆಜ್ಜೆ ತಪ್ಪಿದರೆ ಡಾಕ್ಟರರನ್ನು ತಡೆಯುವ ಅಧಿಕಾರವನ್ನು ನರ್ಸಿಗೆ ಕೊಟ್ಟರು.

ಇದೇ ಪದ್ಧತಿಯನ್ನು ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐ.ಸಿ.ಯು.ಗಳಲ್ಲಿ ತಂದರು. ಒಂದೂವರೆ ವರ್ಷದಲ್ಲಿ ನಳಿಕೆಯಿಂದ ಬರುವ ರಕ್ತದ ಸೋಂಕು ಸುಮಾರು ಮೂರರಲ್ಲಿ ಎರಡು ಪಾಲು ಕಡಿಮೆಯಾಯಿತೆಂದು 2006ರಲ್ಲಿ ಪ್ರಕಟಿಸಿದರು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ.

ನಮ್ಮಲ್ಲಿಯೂ ನಳಿಕೆ ಹಾಕುವಾಗ ಒಬ್ಬ ನರ್ಸ್ ಚೀಟಿ ಹಿಡಿದು ನಿಲ್ಲುತ್ತಾಳೆ. ಅವಳಿಗೆ ಬೇರೆ ಕೆಲಸವಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಹುಡುಗಿ, ಮುಂಡರಗಿಯ ಯಾವುದೋ ಹಳ್ಳಿಯಿಂದ ಬಂದವಳು, ಹಿರಿಯ ಡಾಕ್ಟರರಿಗೆ "ಸರ್, ನಿಲ್ಲಿರಿ, ಕೈ ಗೌನಿಗೆ ತಾಗಿತು" ಎನ್ನಬೇಕೆಂದರೆ ಸುಲಭವಲ್ಲ. ನಾಲಿಗೆ ಮೇಲಣ್ಣಕ್ಕೆ ಅಂಟುತ್ತದೆ. ಅದಕ್ಕೇ ಅದನ್ನೂ ಅಭ್ಯಾಸ ಮಾಡಿಸುತ್ತೇವೆ. ನಾನು ಡಾಕ್ಟರ್ ಆಗಿ ನಟಿಸಿ ಬೇಕೆಂದೇ ತಪ್ಪು ಮಾಡುತ್ತೇನೆ, ಅವಳು ಗಟ್ಟಿಯಾಗಿ "ನಿಲ್ಲಿರಿ" ಎನ್ನುವವರೆಗೆ ಪಾಸು ಮಾಡುವುದಿಲ್ಲ. ಮೊದಲ ದಿನ ಎಲ್ಲರೂ ನಗುತ್ತಾರೆ.

ನನ್ನಿಂದ ಆದದ್ದು

ನಾನು ಜಿ.ಎನ್.ಎಂ. ಡಿಪ್ಲೊಮಾ ಓದಿದವಳು. ನಮ್ಮ ಕಾಲದಲ್ಲಿ ಈ ನಳಿಕೆಯ ಪಾಠ ಮುಗಿಯಲು ಒಂದು ತಾಸೂ ಬೇಕಾಗಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ, ರಾತ್ರಿ ಪಾಳಿಯಲ್ಲಿ ಹನ್ನೊಂದು ರೋಗಿಗಳಿಗೆ ನಾವಿಬ್ಬರೇ. ಕೊರಳಿಗೆ ನಳಿಕೆ ಇದ್ದ ಒಬ್ಬ ಅಜ್ಜಿ ಚೇತರಿಸಿಕೊಂಡು, ಮರುದಿನ ವಾರ್ಡಿಗೆ ಹೋಗುವವಳಿದ್ದಳು. ನಾನು ಅವಸರದಲ್ಲಿ ನಳಿಕೆಯ ಬಾಯಿಯನ್ನು ಸ್ಪಿರಿಟ್ಟಿನಿಂದ ಉಜ್ಜದೆ, ಒಂದು ಸಲ ಹೀಗೆ ಒರೆಸಿ, ಇಂಜೆಕ್ಷನ್ ಕೊಟ್ಟೆ. ಒಂದು ಸಲವಲ್ಲ, ಆ ವಾರವೆಲ್ಲ ಹಾಗೇ ಮಾಡಿದ್ದೆ. ನನ್ನ ಹಿಂದಿನವರೂ ಹಾಗೇ ಮಾಡುತ್ತಿದ್ದರು. ಅಜ್ಜಿಗೆ ಮರುದಿನ ಹಲ್ಲು ಕಟಕಟ ಎನ್ನುವ ಚಳಿ, ಜ್ವರ. ರಕ್ತದ ಪರೀಕ್ಷೆಯಲ್ಲಿ ನಳಿಕೆಯಿಂದ ಬಂದ ಸೋಂಕು ಎಂದು ತಿಳಿಯಿತು. ಅಜ್ಜಿ ಉಳಿದಳು, ಆದರೆ ವಾರ್ಡಿಗೆ ಹೋಗಬೇಕಾದವಳು ಮತ್ತೆ ಹದಿನಾರು ದಿನ ಐ.ಸಿ.ಯು.ದಲ್ಲೇ ಇದ್ದಳು. ಮಗ ಒಂದು ಎತ್ತು ಮಾರಿದ. ನನ್ನ ಕೈಯಿಂದಲೇ ಆಯಿತೆಂದು ಯಾರೂ ಹೇಳಲಿಲ್ಲ, ಹೇಳಲು ಸಾಧ್ಯವೂ ಇರಲಿಲ್ಲ. ನನಗೆ ಮಾತ್ರ ಅನ್ನಿಸಿತು. ಬಿಡುಗಡೆಯ ದಿನ ಅಜ್ಜಿ ನನ್ನ ಕೈ ಹಿಡಿದು "ನಿನ್ನ ಕೈಗುಣ ಚಲೋ ಐತೆವ್ವ" ಎಂದಳು.

ಅಂದಿನಿಂದ ಆ ಉಜ್ಜುವ 15 ಸೆಕೆಂಡು ನನ್ನ ಪಾಠದಲ್ಲಿ ಎಲ್ಲಕ್ಕಿಂತ ದೊಡ್ಡದು. ನಳಿಕೆ ಹಾಕುವುದು ಒಂದು ದಿನದ ಕೆಲಸ, ಅರ್ಧ ತಾಸಿನದು. ಅದನ್ನು ಮುಟ್ಟುವುದು ದಿನಕ್ಕೆ ಹತ್ತು ಹದಿನೈದು ಸಲ. ಕೀಟಾಣುಗಳಿಗೆ ಎರಡು ದಾರಿ: ಚರ್ಮದಿಂದ ನಳಿಕೆ ಒಳಹೋಗುವ ತೂತು ಒಂದು, ಔಷಧ ಹಾಕುವ ಬಾಯಿ ಇನ್ನೊಂದು. ಮೊದಲನೆಯದನ್ನು ಪಟ್ಟಿ ಕಾಯುತ್ತದೆ. ಎರಡನೆಯದನ್ನು ನಮ್ಮ ಕೈಯೇ ಕಾಯಬೇಕು.

ಹೊಸ ನರ್ಸುಗಳಿಗೆ ಒಂದು ಆಟ ಆಡಿಸುತ್ತೇನೆ. ಕೈಗವಸು ಹಾಕಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ನೀಲಿ ಶಾಯಿಯಿಂದ ಕೈ ತೊಳೆಯಿರಿ ಎನ್ನುತ್ತೇನೆ. ಕಣ್ಣು ಬಿಚ್ಚಿದಾಗ ಹೆಬ್ಬೆರಳು ಮತ್ತು ಬೆರಳ ತುದಿಗಳು ಬಿಳಿಯಾಗಿಯೇ ಉಳಿದಿರುತ್ತವೆ. ನಳಿಕೆಯನ್ನು ಹಿಡಿಯುವುದು ಆ ಬೆರಳುಗಳಿಂದಲೇ. ನೀವೂ ಮನೆಯಲ್ಲಿ ಮಕ್ಕಳ ಜೊತೆ ಮಾಡಿ ನೋಡಿರಿ.

ನೀವು ನೋಡಬೇಕಾದದ್ದು

ನರ್ಸ್ ಆಗಲಿ ಡಾಕ್ಟರರಾಗಲಿ ನಳಿಕೆ ಮುಟ್ಟುವ ಮೊದಲು ಕೈ ಶುದ್ಧ ಮಾಡಿಕೊಂಡರೇ? ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿದರೇ, ಉಜ್ಜಿ ಆರಲು ಬಿಟ್ಟರೇ? ಪಟ್ಟಿಯ ಮೇಲೆ ದಿನಾಂಕ ಬರೆದಿದೆಯೇ? ಬಟ್ಟೆಯ ಪಟ್ಟಿಯಾದರೆ ಎರಡು ದಿನಕ್ಕೊಮ್ಮೆ, ಒಳಗೆ ಕಾಣುವ ಪಾರದರ್ಶಕ ಪಟ್ಟಿಯಾದರೆ ಏಳು ದಿನಕ್ಕೊಮ್ಮೆ ಬದಲಾಗಬೇಕು. ಒದ್ದೆಯಾದರೆ, ಅಂಚು ಬಿಟ್ಟರೆ, ರಕ್ತ ಕಂಡರೆ ಆ ಕ್ಷಣವೇ ಬದಲಾಗಬೇಕು. ಡಯಾಲಿಸಿಸ್ ನಳಿಕೆಯ ಪಟ್ಟಿಯನ್ನು ಡಯಾಲಿಸಿಸ್ಸಿಗೆ ಬಂದಾಗಲೇ ಬದಲಿಸುತ್ತೇವೆ. ಆ ಹೊತ್ತಿನಲ್ಲಿ ರೋಗಿ ಮುಖವನ್ನು ಆಚೆ ತಿರುಗಿಸಿ ಮಾಸ್ಕ್ ಹಾಕಿಕೊಂಡಿರಬೇಕು, ಮಾತನಾಡಬಾರದು. ಬಂಧುಗಳು ಹೊರಗೆ ನಿಲ್ಲಬೇಕು.

ಇವುಗಳಲ್ಲಿ ಯಾವುದಾದರೂ ಆಗದಿದ್ದರೆ "ಸಿಸ್ಟರ್, ಕೈ ತೊಳದ್ರೇನ್ರೀ?" ಎಂದು ಕೇಳಿರಿ. ನಮ್ಮ ನರ್ಸುಗಳಿಗೆ ಇದಕ್ಕೆ ಒಂದೇ ಉತ್ತರ ಕಲಿಸಿದ್ದೇವೆ: "ನೆನಪು ಮಾಡಿದ್ದು ಚಲೋ ಆತ್ರೀ." ಬೇರೆ ಉತ್ತರ ಬಂದರೆ ನನಗೆ ತಿಳಿಸಿರಿ. ಪ್ರತಿದಿನ ಬೆಳಿಗ್ಗೆ ಡಾಕ್ಟರರು ರೌಂಡಿಗೆ ಬಂದಾಗ ಕೇಳಬೇಕಾದ ಮಾತು ಇನ್ನೊಂದಿದೆ: "ಈ ನಳಿಕೆ ಇವತ್ತೂ ಬೇಕಾಗಿದೆಯೇ?" ಬೇಡವಾದ ಮೇಲೂ 'ಇರಲಿ, ಇಂಜೆಕ್ಷನ್ನಿಗೆ ಸುಲಭ' ಎಂದು ಬಿಟ್ಟ ನಳಿಕೆಗಳಿಂದ ಆಗುವ ಹಾನಿ ಪೂರ್ತಿ ತಪ್ಪಿಸಬಹುದಾದ ಹಾನಿ.

ನಳಿಕೆ ಇಟ್ಟುಕೊಂಡು ಊರಿಗೆ ಹೋಗುವವರಿಗೆ

ಇದು ಡಯಾಲಿಸಿಸ್ ರೋಗಿಗಳಿಗೆ. ಗಮನವಿಟ್ಟು ಓದಿರಿ, ಏಕೆಂದರೆ ದವಾಖಾನೆಯಲ್ಲಿ ನಾವು ಎಷ್ಟು ಜಾಗರೂಕರಾಗಿದ್ದರೂ ವಾರದಲ್ಲಿ ಹೆಚ್ಚಿನ ಹೊತ್ತು ನಳಿಕೆ ಇರುವುದು ನಿಮ್ಮ ಮನೆಯಲ್ಲಿ.

ಸ್ನಾನದ ವಿಷಯ ಮೊದಲು. ತಲೆಯ ಮೇಲಿನಿಂದ ನೀರು ಹಾಕಿಕೊಳ್ಳಬಾರದು. ಸೊಂಟದ ಕೆಳಗೆ ನೀರು ಹಾಕಿಕೊಂಡು, ಮೇಲಿನ ಮೈಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿರಿ. "ಜಳಕ ಆಗದ ಲಿಂಗಪೂಜಿ ಹ್ಯಾಂಗ ಮಾಡೂದ್ರೀ" ಎಂದು ಹಿರಿಯರು ಕೇಳುತ್ತಾರೆ. ನಾನು ಶಾಸ್ತ್ರ ಹೇಳುವವಳಲ್ಲ. ಕಾಯಿಲೆ ಇದ್ದಾಗ ಮೈ ಒರೆಸಿಕೊಂಡು ಪೂಜೆ ಮಾಡುವವರನ್ನು ನಮ್ಮ ಮನೆಯಲ್ಲಿಯೇ ನೋಡಿದ್ದೇನೆ. ಸಂದೇಹವಿದ್ದರೆ ನಿಮ್ಮ ಗುರುಗಳನ್ನು ಕೇಳಿರಿ, ಆದರೆ ಪಟ್ಟಿ ಒದ್ದೆ ಮಾಡಬೇಡಿರಿ. ಕರಡಿಗೆಯನ್ನಾಗಲಿ ಇಷ್ಟಲಿಂಗವನ್ನಾಗಲಿ ಕೊರಳಿನಿಂದ ತೆಗೆಯಿರಿ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಶಿವದಾರವನ್ನು ಉದ್ದ ಮಾಡಿ, ನಳಿಕೆ ಇಲ್ಲದ ಕಡೆಯ ಭುಜದ ಮೇಲಿನಿಂದ ಓರೆಯಾಗಿ ಬರುವಂತೆ ಕಟ್ಟಿಕೊಳ್ಳಿರಿ. ದಾರ ಪಟ್ಟಿಗೆ ಉಜ್ಜಬಾರದು, ಅಷ್ಟೇ. ದಾರ ಹಳೆಯದಾಗಿ ಬೆವರು ಹಿಡಿದಿದ್ದರೆ ಹೊಸದು ಹಾಕಿರಿ. ತಾಳಿ ಸರ, ತಾಯತಕ್ಕೂ ಇದೇ ಮಾತು. ವಿಭೂತಿಯನ್ನು ಹಣೆಗೆ ಧರಿಸಿರಿ, ನಳಿಕೆಯ ಸುತ್ತ ಬೇಡ. ಅರಿಶಿನ, ಕೊಬ್ಬರಿ ಎಣ್ಣೆ, ಗಿಡಮೂಲಿಕೆ ಯಾವುದನ್ನೂ ಆ ತೂತಿಗೆ ಹಚ್ಚಬಾರದು. ಹಚ್ಚುವವರು ಪ್ರೀತಿಯಿಂದಲೇ ಹಚ್ಚುತ್ತಾರೆ, ನಾವು ಅದನ್ನು ತೊಳೆಯುವಾಗ ಒಳಗೆ ಕೀವು ಕಾಣುತ್ತದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡಬೇಡಿರಿ. ಬೇಸಿಗೆಯಲ್ಲಿ ಮುಂಡರಗಿ ರಸ್ತೆಯ ಧೂಳು ನಿಮಗೆ ಹೇಳಬೇಕಾಗಿಲ್ಲ. ಒಗೆದ ಹತ್ತಿಯ ಬಟ್ಟೆಯನ್ನು ಕೊರಳಿಗೆ ಸಡಿಲವಾಗಿ ಹೊದ್ದುಕೊಳ್ಳಿರಿ. ನೂಲಿನ ಧೂಳು ಏಳುವ ಮಗ್ಗದ ಕೋಣೆ, ಮೆಣಸಿನಕಾಯಿ ರಾಶಿ, ದನದ ಕೊಟ್ಟಿಗೆ ಇವುಗಳಿಂದ ಸದ್ಯಕ್ಕೆ ದೂರವಿರಿ. ಅಂಗಿಯನ್ನು ತಲೆಯ ಮೇಲಿನಿಂದ ಎಳೆದು ತೆಗೆಯುವಾಗ ನಳಿಕೆ ಸಿಕ್ಕಿಕೊಳ್ಳುತ್ತದೆ, ಮುಂದೆ ಗುಂಡಿ ಇರುವ ಅಂಗಿ ಒಳ್ಳೆಯದು.

ನಿಮ್ಮ ಊರಿನಲ್ಲಿ ಯಾರೇ ಆಗಲಿ ಡಯಾಲಿಸಿಸ್ ನಳಿಕೆಯಿಂದ ಸಲಾಯನ್ ಏರಿಸಲು ಅಥವಾ ರಕ್ತ ತೆಗೆಯಲು ಬಿಡಬೇಡಿರಿ. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಔಷಧ ತುಂಬಿಟ್ಟಿರುತ್ತೇವೆ. ಗೊತ್ತಿಲ್ಲದೆ ತಳ್ಳಿದರೆ ಅದು ಒಮ್ಮೆಲೇ ಮೈಗೆ ಹೋಗಿ ರಕ್ತಸ್ರಾವವಾಗಬಹುದು.

ಚಳಿ ಬಂದರೆ ಕಾಯಬೇಡಿರಿ

ಮೈ ನಡುಗುವ ಚಳಿ, ಜ್ವರ, ತೂತಿನ ಸುತ್ತ ಕೆಂಪು, ನೋವು, ಕೀವು, ಮುಖ ಅಥವಾ ತೋಳು ಊದಿಕೊಳ್ಳುವುದು: ಇವುಗಳಲ್ಲಿ ಒಂದು ಕಂಡರೂ ಅಂದೇ ಬರಬೇಕು. ವಿಶೇಷವಾಗಿ ಡಯಾಲಿಸಿಸ್ ಶುರುವಾದ ಮೇಲೆ ಬರುವ ಚಳಿ ನಳಿಕೆಯ ಸೋಂಕಿನ ಗುರುತಾಗಿರಬಹುದು. ಊರಲ್ಲಿ "ಮಲೇರಿಯಾ ಇರಬೇಕು, ಹವಾ ಬದಲಾಗೇತಿ" ಎಂದು ಒಂದು ಇಂಜೆಕ್ಷನ್ ಮಾಡಿಸಿಕೊಂಡು ಮೂರು ದಿನ ಕಾಯುತ್ತಾರೆ. ಆ ಮೂರು ದಿನದಲ್ಲಿ ಸೋಂಕು ಹೃದಯದ ಕವಾಟಕ್ಕೆ, ಬೆನ್ನುಹುರಿಯ ಎಲುಬಿಗೆ ಹೋಗಬಹುದು. ಲಕ್ಷ್ಮೇಶ್ವರದಿಂದ ಗದಗಿಗೆ ಬಸ್ಸಿನ ದಾರಿ ಒಂದು ತಾಸಿನ ಮೇಲಾಗುತ್ತದೆ, ರಾತ್ರಿಯಾಗಿದ್ದರೆ 108ಕ್ಕೆ ಕರೆ ಮಾಡಿರಿ. "ಕೊರಳಿಗೆ ನಳಿಕೆ ಇದೆ" ಎಂಬುದನ್ನು ಮೊದಲು ಹೇಳಿರಿ.

ನಳಿಕೆ ಜಗ್ಗಿ ಹೊರಗೆ ಬಂದರೆ ಮರಳಿ ಒಳಗೆ ತಳ್ಳಬೇಡಿರಿ. ಕೂಡಲೇ ಮಲಗಿ, ಒಗೆದ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿದು, ಒತ್ತಿಕೊಂಡೇ ಬರಬೇಕು. ಮುಚ್ಚಳ ಬಿದ್ದುಹೋದರೆ ಅಲ್ಲಿಯೇ ಇರುವ ಕ್ಲಿಪ್ಪನ್ನು ಒತ್ತಿ ಮುಚ್ಚಿರಿ. ಕ್ಲಿಪ್ ಹಾಕುವುದನ್ನು ಬಿಡುಗಡೆಗೆ ಮೊದಲು ಮನೆಯ ಇಬ್ಬರಿಗೆ ತೋರಿಸಿ ಕೊಡುತ್ತೇವೆ. ಒಬ್ಬರಿಗೆ ಸಾಲದು, ಆ ಒಬ್ಬರು ಹೊಲಕ್ಕೆ ಹೋಗಿರುತ್ತಾರೆ.

ಎಷ್ಟು ದಿನ?

ಐ.ಸಿ.ಯು. ನಳಿಕೆ ಬೇಡವಾದ ದಿನವೇ ತೆಗೆಯುವಂಥದು. ಡಯಾಲಿಸಿಸ್ಸಿನ ತಾತ್ಕಾಲಿಕ ಕೊರಳಿನ ನಳಿಕೆ ಎರಡು ವಾರ ಮೀರಬಾರದು ಎಂದು ಕಿಡ್ನಿ ತಜ್ಞರ ಸಲಹೆ. ಹೆಚ್ಚು ದಿನ ಬೇಕಾದರೆ ಎದೆಯ ಚರ್ಮದ ಕೆಳಗಿನಿಂದ ಹಾದುಹೋಗುವ ಬೇರೆ ನಳಿಕೆ ಇದೆ. ಆದರೆ ಬಹಳ ಮಂದಿಗೆ ಒಳ್ಳೆಯ ದಾರಿ ಎಂದರೆ ಫಿಸ್ಟುಲಾ. ಕೈಯ ಎರಡು ರಕ್ತನಾಳ ಜೋಡಿಸುವ ಸಣ್ಣ ಶಸ್ತ್ರಚಿಕಿತ್ಸೆ ಅದು. 1966ರಿಂದ ಲೋಕಕ್ಕೆ ಪರಿಚಿತವಾದದ್ದು. ಬಲಿತು ಬಳಕೆಗೆ ಬರಲು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಬೇಕು. ಹೊರಗೆ ನಳಿಕೆ ಇಲ್ಲ, ಜಳಕಕ್ಕೆ ಅಡ್ಡಿಯಿಲ್ಲ, ಸೋಂಕಿನ ಭಯ ಬಹಳ ಕಡಿಮೆ. "ಈ ನಳಿಕೆಯಿಂದ ಹ್ಯಾಂಗೂ ನಡದೈತಲ್ರೀ" ಎಂದು ಫಿಸ್ಟುಲಾ ಮುಂದೂಡುವವರನ್ನು ನೋಡಿ ನನಗೆ ಬೇಸರವಾಗುತ್ತದೆ. ಕಿಡ್ನಿ ತೊಂದರೆ ಇದೆ ಎಂದು ಡಾಕ್ಟರರು ಹೇಳಿದ ದಿನದಿಂದಲೇ ಎಡಗೈಯನ್ನು (ಎಡಚರಾದರೆ ಬಲಗೈಯನ್ನು) ಕಾಯ್ದಿಡಿರಿ. ಆ ಕೈಗೆ ಸೂಜಿ, ಸಲಾಯನ್ ಬೇಡ ಎಂದು ಎಲ್ಲ ದವಾಖಾನೆಗಳಲ್ಲೂ ಹೇಳಿರಿ. ಆ ಕೈಯ ನರಗಳೇ ನಾಳೆ ಫಿಸ್ಟುಲಾಕ್ಕೆ ಬೇಕಾಗುವುದು.

ನಳಿಕೆ ತೆಗೆಯುವ ದಿನ ಖುಷಿಯಿಂದ ಎದ್ದು ಕೂಡುತ್ತಾರೆ. ಕೂಡಬಾರದು. ಮಲಗಿಯೇ ಇರಬೇಕು, ತಲೆಯ ಕಡೆ ಸ್ವಲ್ಪ ತಗ್ಗಿರಬೇಕು, ನಾವು ಹೇಳಿದಾಗ ಉಸಿರು ಹಿಡಿಯಬೇಕು. ಇಲ್ಲವಾದರೆ ಆ ತೂತಿನಿಂದ ಗಾಳಿ ನರದೊಳಗೆ ಹೋಗಬಹುದು. ತೆಗೆದ ಮೇಲೆ ಕನಿಷ್ಠ ಐದು ನಿಮಿಷ ಒತ್ತಿ ಹಿಡಿಯುತ್ತೇವೆ, ಡಯಾಲಿಸಿಸ್ ನಳಿಕೆಗೆ ಇನ್ನೂ ಹೆಚ್ಚು ಹೊತ್ತು. ಆಮೇಲೆ ಅರ್ಧ ತಾಸು ಏಳದೆ ಮಲಗಿರಿ. ಮೇಲೆ ಹಾಕಿದ ಗಾಳಿಯಾಡದ ಪಟ್ಟಿಯನ್ನು ಒಂದು ಪೂರ್ತಿ ದಿನ ತೆಗೆಯಬೇಡಿರಿ. ಮರುದಿನ ನಾವೇ ತೆಗೆದು ತೂತು ಮುಚ್ಚಿದೆಯೇ ನೋಡುತ್ತೇವೆ. ಮುಚ್ಚಿದ್ದರೆ ತಲೆಯ ಮೇಲಿನಿಂದ ಎರಡು ಕೊಡ ಬಿಸಿನೀರು ಹಾಕಿಕೊಳ್ಳಬಹುದು.